ಅಣ್ಣನ ಪೆಟ್ರೋಲ್ ಬಿಲ್ಲು, ತಮ್ಮನ ಲ್ಯಾಪ್‌ಟಾಪ್

ಫೆಬ್ರುವರಿ ಬಂತೆಂದರೆ ನನ್ನ ಟೇಬಲ್ ಮೇಲೆ ಕವರ್‌ಗಳು ಬೀಳಲು ಶುರುವಾಗುತ್ತವೆ. ಬಟ್ಟೆ ಅಂಗಡಿ ಕವರ್, ಔಷಧಿ ಅಂಗಡಿ ಕವರ್, ಬೇಕರಿ ಕವರ್. ಒಳಗೆ ವರ್ಷವಿಡೀ ಕೂಡಿಟ್ಟ ಬಿಲ್ಲುಗಳು. ದಾವಣಗೆರೆಯಲ್ಲಿ ಜನರ ಆದಾಯ ತೆರಿಗೆ ರಿಟರ್ನ್ಸ್ ಮಾಡಿಕೊಡುವುದು ನನ್ನ ಕೆಲಸ.

ಈ ಸಲ ಮೊದಲ ಕವರ್ ತಂದವರು ಒಂದು ಔಷಧಿ ಕಂಪನಿಯ ಏರಿಯಾ ಮ್ಯಾನೇಜರ್. ಹರಿಹರ, ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಎಲ್ಲಾ ಅವರ ಏರಿಯಾ. ಸ್ವಂತ ಕಾರಲ್ಲಿ ಓಡಾಟ. ಕವರ್ ಬಗ್ಗಿಸಿದರೆ ಪೆಟ್ರೋಲ್ ಬಂಕಿನ ಚೀಟಿಗಳ ರಾಶಿ. ಅರ್ಧಕ್ಕರ್ಧ ಚೀಟಿಗಳಲ್ಲಿ ಅಕ್ಷರವೇ ಇರಲಿಲ್ಲ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿದ್ದು ಬಿಳಿ ಕಾಗದ ಆಗಿಬಿಟ್ಟಿದ್ದವು.

"ಅಣ್ಣಾ, ವರ್ಷಕ್ಕೆ ಲಕ್ಷದ ಮೇಲೆ ಪೆಟ್ರೋಲೇ ಆಗೈತಿ. ಎಲ್ಲಾ ಕಂಪನಿ ಕೆಲಸಕ್ಕೆ ಓಡಾಡಿದ್ದು. ಇಷ್ಟೂ ಆದಾಯದಲ್ಲಿ ಕಳೀಬೋದಲ್ವಾ?"

ಆಗಲ್ಲ ಅಂದೆ. ಅವರ ಮುಖ ಸಣ್ಣದಾಯಿತು. "ನನ್ನ ತಮ್ಮ ಮನೇಲೇ ಕೂತು ಲ್ಯಾಪ್‌ಟಾಪ್ ಕುಟ್ತಾನೆ. ಅವನಿಗೆ ಖರ್ಚೇ ಇಲ್ಲ. ಆದ್ರೂ ಅವನ ದುಡ್ಡಲ್ಲಿ ಅರ್ಧಕ್ಕೇ ಟ್ಯಾಕ್ಸ್ ಅಂತೀರಿ. ರೋಡಲ್ಲಿ ಸಾಯೋನು ನಾನು, ನನಗಿಲ್ಲ ಅಂತೀರಿ. ಇದ್ಯಾವ ನ್ಯಾಯ?"

ಈ ಏರಿಯಾ ಮ್ಯಾನೇಜರ್ ಅಣ್ಣ ಕೇಳಿದ್ದರಲ್ಲಿ ತಪ್ಪಿಲ್ಲ. ಈ ಪ್ರಶ್ನೆಯನ್ನು ನಾನು ವರ್ಷಕ್ಕೆ ಹತ್ತಾರು ಸಲ ಕೇಳಿಸಿಕೊಳ್ಳುತ್ತೇನೆ. ಅದಕ್ಕೇ ಕೂತು ವಿವರವಾಗಿ ಬರೆಯುತ್ತಿದ್ದೇನೆ. ಇಲ್ಲಿರುವ ಲೆಕ್ಕವೆಲ್ಲ 2025-26ನೇ ಹಣಕಾಸು ವರ್ಷದ್ದು, ಹೊಸ ತೆರಿಗೆ ಪದ್ಧತಿಯದ್ದು (ದರ ಕಡಿಮೆ, ವಿನಾಯಿತಿಗಳೂ ಕಡಿಮೆ). ಸೆಕ್ಷನ್ ನಂಬರುಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ 2025ರ ಹೊಸ ಕಾಯ್ದೆ. ಅಲ್ಲಿ ನಂಬರುಗಳು ಬದಲಾಗುತ್ತವೆ, ನಾನಿಲ್ಲಿ ಹೇಳುವ ಮೂಲ ನಿಯಮ ಬದಲಾಗುವುದಿಲ್ಲ.

ದುಡ್ಡು ಯಾವ ಹೆಸರಲ್ಲಿ ಬಂತು?

ಖರ್ಚು ನಿಜವಾಗಿ ಆಗಿದೆಯಾ ಅಂತ ಕಾನೂನು ಮೊದಲು ಕೇಳುವುದೇ ಇಲ್ಲ. ಅದರ ಮೊದಲ ಪ್ರಶ್ನೆ: ಈ ದುಡ್ಡು ನಿಮಗೆ ಸಂಬಳ ಅಂತ ಬಂತೋ, ವೃತ್ತಿ ಅಥವಾ ವ್ಯಾಪಾರದ ಆದಾಯ ಅಂತ ಬಂತೋ? ಉತ್ತರ ಯಾವುದೋ, ಅದರ ಮೇಲೆ ಮುಂದಿನದೆಲ್ಲ ನಿಂತಿದೆ.

ಸಂಬಳ ಅಂತಾದರೆ ಸೆಕ್ಷನ್ 16. ಅಲ್ಲಿರುವುದು ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನುವ ಒಂದೇ ಗಂಟು. ಹೊಸ ಪದ್ಧತಿಯಲ್ಲಿ 75,000 ರೂಪಾಯಿ, ಹಳೆ ಪದ್ಧತಿಯಲ್ಲಿ 50,000. ನೀವು ಒಂದು ರೂಪಾಯಿ ಖರ್ಚು ಮಾಡದಿದ್ದರೂ ಅಷ್ಟು ಸಿಗುತ್ತದೆ. ಮೂರು ಲಕ್ಷ ಖರ್ಚು ಮಾಡಿದರೂ ಅಷ್ಟೇ. ಬಿಲ್ಲು ತೋರಿಸಿ ಅಂತ ಯಾರೂ ಕೇಳುವುದಿಲ್ಲ, ತೋರಿಸಿದರೂ ಪ್ರಯೋಜನ ಇಲ್ಲ. ಸಂಬಳದಲ್ಲಿ ಹಿಡಿಯುವ ವೃತ್ತಿ ತೆರಿಗೆಯನ್ನು ಕಳೆಯಬಹುದು, ಅದೂ ಹಳೆ ಪದ್ಧತಿಯಲ್ಲಿ ಮಾತ್ರ.

ಮೊದಲು ಹೀಗಿರಲಿಲ್ಲ ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. 1974ರವರೆಗೆ ಸಂಬಳದವರೂ ಕೆಲವು ಖರ್ಚುಗಳನ್ನು ಕಳೆಯಬಹುದಿತ್ತು. ಕೆಲಸಕ್ಕೆ ಬೇಕಾದ ಪುಸ್ತಕ, ಓಡಾಟದ ವಾಹನ, ನೌಕರಿಯ ಷರತ್ತಿನ ಪ್ರಕಾರ ಕೈಯಿಂದ ಹಾಕಲೇಬೇಕಾದ ಖರ್ಚು, ಇವಕ್ಕೆಲ್ಲ ಸೆಕ್ಷನ್ 16ರಲ್ಲೇ ಜಾಗ ಇತ್ತು. ಲಕ್ಷಾಂತರ ನೌಕರರ ಚಿಲ್ಲರೆ ಬಿಲ್ಲು ನೋಡುತ್ತಾ ಕೂರುವ ಬದಲು ಎಲ್ಲರಿಗೂ ಒಂದು ಮೊತ್ತ ಕೊಟ್ಟುಬಿಡೋಣ ಅಂತ ಸರ್ಕಾರ ಆ ವರ್ಷ ಸ್ಟ್ಯಾಂಡರ್ಡ್ ಡಿಡಕ್ಷನ್ ತಂದಿತು. 2005ರ ಬಜೆಟ್‌ನಲ್ಲಿ ಅದನ್ನೂ ತೆಗೆದುಹಾಕಿದರು. 2018ರ ಬಜೆಟ್‌ನಲ್ಲಿ 40,000 ರೂಪಾಯಿ ಅಂತ ವಾಪಸ್ ಬಂತು. ಆದರೆ ಅದೇ ಹೊತ್ತಿಗೆ 19,200 ರೂಪಾಯಿಯ ಸಾರಿಗೆ ಭತ್ಯೆ ಮತ್ತು 15,000 ರೂಪಾಯಿಯ ವೈದ್ಯಕೀಯ ಬಿಲ್ಲಿನ ವಿನಾಯಿತಿ ಹೋದವು. ಎರಡೂ ಸೇರಿ 34,200. ಅಂದರೆ ಕೈಗೆ ಹೊಸದಾಗಿ ದಕ್ಕಿದ್ದು 5,800 ಮಾತ್ರ.

ದಿನವಿಡೀ ಒಂದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಈ ವ್ಯವಸ್ಥೆ ಲಾಭವೇ. ಊರೂರು ತಿರುಗುವವರಿಗೆ ಅನ್ಯಾಯ ಅಂತ ನಾನು ಇವತ್ತಿಗೂ ನಂಬಿದ್ದೇನೆ. ಎಲ್‌ಐಸಿ ಡೆವಲಪ್‌ಮೆಂಟ್ ಆಫೀಸರ್‌ಗಳು ಇದೇ ನೋವು ಹಿಡಿದು ಬೇರೆ ಬೇರೆ ಹೈಕೋರ್ಟ್‌ಗಳ ಮೆಟ್ಟಿಲು ಹತ್ತಿದ್ದರು. ನಮಗೆ ಬರುವ ಇನ್ಸೆಂಟಿವ್ ಬೋನಸ್ ಸಂಪಾದಿಸಲು ಊರೆಲ್ಲ ಅಲೆಯಬೇಕು, ಏಜೆಂಟರನ್ನು ಸಾಕಬೇಕು, ಆ ಖರ್ಚು ಕಳೆಯಿರಿ ಅಂತ ಅವರ ವಾದ. ಹೆಚ್ಚಿನ ಕೋರ್ಟ್‌ಗಳು ಒಪ್ಪಲಿಲ್ಲ. ನೀವು ನೌಕರರು, ಬೋನಸ್ಸೂ ಸಂಬಳವೇ, ಸಂಬಳಕ್ಕೆ ಸೆಕ್ಷನ್ 16ರಲ್ಲಿ ಬರೆದಿರುವುದು ಬಿಟ್ಟು ಬೇರೇನೂ ಇಲ್ಲ ಅಂದವು.

ಹಾಗಾದರೆ ಅಣ್ಣನಿಗೆ ದಾರಿಯೇ ಇಲ್ಲವಾ?

ಇದೆ. ಆದರೆ ಅದು ರಿಟರ್ನ್ಸ್‌ನಲ್ಲಿ ಸಿಗುವುದಿಲ್ಲ, ಕಂಪನಿಯ ಎಚ್‌ಆರ್ ಟೇಬಲ್ ಮೇಲೆ ಸಿಗುತ್ತದೆ.

ಅವರ ಸಂಬಳದ ಚೀಟಿ ತರಿಸಿ ನೋಡಿದೆ. ವರ್ಷಕ್ಕೆ ಒಟ್ಟು 15 ಲಕ್ಷ. ಅದರಲ್ಲಿ "ಸ್ಪೆಷಲ್ ಅಲೋಯನ್ಸ್" ಅಂತ ತಿಂಗಳಿಗೆ 9,000 ರೂಪಾಯಿ ಇತ್ತು. "ಇದೇ ನಮ್ಮ ಪೆಟ್ರೋಲ್ ದುಡ್ಡು ಅಣ್ಣಾ" ಅಂದರು. ಪೆಟ್ರೋಲ್ ದುಡ್ಡೇ ಇರಬಹುದು. ಚೀಟಿಯ ಮೇಲೆ ಮಾತ್ರ ಹಾಗೆ ಬರೆದಿಲ್ಲ. ಸ್ಪೆಷಲ್ ಅಲೋಯನ್ಸ್ ಅಂದರೆ ಪೂರ್ತಿ ಸಂಬಳ, ಪೂರ್ತಿ ತೆರಿಗೆ.

ಅದೇ 9,000 ರೂಪಾಯಿಯನ್ನು ಕಂಪನಿ "ಕೆಲಸದ ಓಡಾಟದ ಖರ್ಚಿಗಾಗಿ ಕನ್ವೇಯನ್ಸ್ ಅಲೋಯನ್ಸ್" ಅಂತ ಕೊಟ್ಟಿದ್ದರೆ ಸೆಕ್ಷನ್ 10(14) ಅನ್ವಯಿಸುತ್ತಿತ್ತು. ಕೆಲಸಕ್ಕೆ ನಿಜವಾಗಿ ಎಷ್ಟು ಖರ್ಚಾಗಿದೆಯೋ ಅಷ್ಟಕ್ಕೆ ತೆರಿಗೆ ಇಲ್ಲ. ಟೂರ್ ಖರ್ಚು, ಬೇರೆ ಊರಲ್ಲಿ ಉಳಿದ ದಿನದ ಭತ್ಯೆ ಕೂಡ ಹೀಗೇ. ಹೊಸ ಪದ್ಧತಿಯಲ್ಲಿ ಎಷ್ಟೋ ವಿನಾಯಿತಿ ಹೋದವು, ಇವು ಉಳಿದಿವೆ. ಇನ್ನೊಂದು ದಾರಿ, ಕಂಪನಿಯೇ ಬಿಲ್ಲು ತೆಗೆದುಕೊಂಡು ದುಡ್ಡು ವಾಪಸ್ ಕೊಡುವುದು. ಕಾರು ಪೂರ್ತಿ ಕಂಪನಿ ಕೆಲಸಕ್ಕೇ ಓಡಿದ್ದು ಅಂತ ತೋರಿಸಬೇಕು. ಯಾವ ದಿನ, ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಖರ್ಚು ಅನ್ನುವ ದಾಖಲೆ ಇರಬೇಕು. ಇದು ಕೆಲಸದ ಓಡಾಟವೇ ಅಂತ ಕಂಪನಿ ಬರೆದುಕೊಡಬೇಕು. ಇಷ್ಟಿದ್ದರೆ ಆ ದುಡ್ಡು ಅವರ ಆದಾಯಕ್ಕೆ ಸೇರುವುದೇ ಇಲ್ಲ.

ಲೆಕ್ಕ ಹಾಕಿ ತೋರಿಸಿದೆ. ಈಗ ಇರುವಂತೆ 15 ಲಕ್ಷದಲ್ಲಿ 75,000 ಕಳೆದರೆ 14.25 ಲಕ್ಷ. ಸೆಸ್ (ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ) ಸೇರಿ ತೆರಿಗೆ 97,500 ರೂಪಾಯಿ. ವರ್ಷದ 1,08,000 ರೂಪಾಯಿ ಪೆಟ್ರೋಲ್ ದುಡ್ಡು ಸರಿಯಾದ ಹೆಸರಲ್ಲಿ ಬಂದು, ಅಷ್ಟೂ ಕೆಲಸಕ್ಕೇ ಖರ್ಚಾಗಿದ್ದರೆ ತೆರಿಗೆ 16,848 ರೂಪಾಯಿ ಕಡಿಮೆ. ಕಂಪನಿಗೆ ಒಂದು ಪೈಸೆ ಹೆಚ್ಚಿನ ಖರ್ಚಿಲ್ಲ. ಚೀಟಿಯ ಮೇಲೆ ಎರಡು ಪದ ಬದಲಾಗಬೇಕು, ಅಷ್ಟೇ.

ಒಂದು ಮಾತು ನೆನಪಿಡಿ. ಮನೆಯಿಂದ ಆಫೀಸಿಗೆ, ಆಫೀಸಿಂದ ಮನೆಗೆ ಹೋಗಿಬರುವುದು ಕೆಲಸದ ಓಡಾಟ ಅಲ್ಲ. ವಿದ್ಯಾನಗರದ ಮನೆಯಿಂದ ದಿನಾ ಹರಿಹರದ ಫ್ಯಾಕ್ಟರಿಗೆ ಹೋಗುವವರಿಗೆ ಇದು ಅನ್ವಯಿಸುವುದಿಲ್ಲ. ಮತ್ತೆ, ನಿಮ್ಮ ಸಂಬಳ 12.75 ಲಕ್ಷದೊಳಗೆ ಇದ್ದು ಬೇರೆ ಆದಾಯ ಇಲ್ಲದಿದ್ದರೆ ಹೊಸ ಪದ್ಧತಿಯಲ್ಲಿ ಹೇಗೂ ತೆರಿಗೆ ಬರುವುದಿಲ್ಲ. ಸುಮ್ನೆ ಬಿಲ್ಲು ಕೂಡಿಡುತ್ತಾ ತಲೆ ಕೆಡಿಸಿಕೊಳ್ಳಬೇಡಿ.

ತಮ್ಮನ ಲೆಕ್ಕ

ತಮ್ಮ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಕನ್ಸಲ್ಟೆಂಟ್. ನೌಕರ ಅಲ್ಲ. ವರ್ಷಕ್ಕೆ 18 ಲಕ್ಷ ರೂಪಾಯಿ ಬಿಲ್ ಮಾಡುತ್ತಾನೆ. ಕಂಪನಿ ಅದರಲ್ಲಿ ಸೆಕ್ಷನ್ 194ಜೆ ಪ್ರಕಾರ ಟಿಡಿಎಸ್, ಅಂದರೆ ಮುಂಚಿತವಾಗಿ ಮುರಿದುಕೊಳ್ಳುವ ತೆರಿಗೆ, ಹಿಡಿದು ಉಳಿದದ್ದು ಕೊಡುತ್ತದೆ. ಇದು ವೃತ್ತಿ ಆದಾಯ.

ವೃತ್ತಿ ಆದಾಯಕ್ಕೆ ಮುಖ್ಯ ನಿಯಮ ಸೆಕ್ಷನ್ 37. ವೃತ್ತಿಗಾಗಿಯೇ, ಪೂರ್ತಿಯಾಗಿ ಅದಕ್ಕಾಗಿಯೇ ಮಾಡಿದ ಖರ್ಚನ್ನು ಕಳೆಯಬಹುದು. ಸ್ವಂತದ ಖರ್ಚು ಆಗಬಾರದು, ಆಸ್ತಿ ಮಾಡಿಕೊಂಡಿದ್ದು ಆಗಬಾರದು, ಕಾನೂನು ಮುರಿದದ್ದು ಆಗಬಾರದು. ಟ್ರಾಫಿಕ್ ದಂಡ, ಲಂಚ ಕಳೆಯುವಂತಿಲ್ಲ.

ಸ್ವಂತದ್ದು ಯಾವುದು, ವೃತ್ತಿಯದ್ದು ಯಾವುದು ಅನ್ನುವುದಕ್ಕೆ ಒಂದು ಪ್ರಸಿದ್ಧ ಕೇಸ್ ಇದೆ. ಹಿರಿಯ ವಕೀಲ ಶಾಂತಿ ಭೂಷಣ್ ಅವರಿಗೆ ಹೃದಯದ ಬೈಪಾಸ್ ಆಪರೇಷನ್ ಆಗಿತ್ತು. ವಾದ ಮಾಡಲು ಹೃದಯ ಗಟ್ಟಿ ಇರಬೇಕಲ್ಲ, ಆದ್ದರಿಂದ ಇದು ನನ್ನ ವೃತ್ತಿಯ ಖರ್ಚು ಅಂತ ಅವರು ಕೇಳಿದರು. 2011ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ಹೃದಯ ಎಲ್ಲ ಮನುಷ್ಯರಿಗೂ ಬೇಕು, ವಕೀಲಿಕೆಗೆ ಅಂತಲೇ ಇಟ್ಟುಕೊಂಡ ಯಂತ್ರ ಅಲ್ಲ. ಕನ್ನಡಕ, ದಿನದ ಬಟ್ಟೆ ಅಂತ ಯಾರಾದರೂ ಕೇಳಿದಾಗ ನಾನು ಈ ಕೇಸನ್ನೇ ಹೇಳುತ್ತೇನೆ.

ಇನ್ನು ಅಣ್ಣನ ಹೊಟ್ಟೆ ಉರಿಸಿದ ಆ ಅರ್ಧದ ವಿಷಯ. ಅದು ಸೆಕ್ಷನ್ 44ಎಡಿಎ. ವೈದ್ಯರು, ವಕೀಲರು, ಎಂಜಿನಿಯರ್‌ಗಳು, ಆರ್ಕಿಟೆಕ್ಟ್‌ಗಳು, ಅಕೌಂಟೆಂಟ್‌ಗಳು, ಇಂಟೀರಿಯರ್ ಡೆಕೊರೇಟರ್‌ಗಳು, ಐಟಿ ವೃತ್ತಿಯವರು, ಹೀಗೆ ಕಾನೂನಿನ ಪಟ್ಟಿಯಲ್ಲಿ ಇರುವವರಿಗೆ ಮಾತ್ರ. ವರ್ಷದ ಗಳಿಕೆ 50 ಲಕ್ಷದೊಳಗೆ ಇರಬೇಕು. ನಗದಾಗಿ ಬಂದದ್ದು ಶೇ 5ಕ್ಕಿಂತ ಹೆಚ್ಚಿಲ್ಲದಿದ್ದರೆ 75 ಲಕ್ಷದವರೆಗೂ ಆಗುತ್ತದೆ. ಆಗ ಗಳಿಕೆಯ ಅರ್ಧ ಖರ್ಚು ಅಂತ ಕಾನೂನೇ ಒಪ್ಪಿಕೊಳ್ಳುತ್ತದೆ. ಲೆಕ್ಕದ ಪುಸ್ತಕ ಬೇಡ, ಬಿಲ್ಲು ಬೇಡ.

ತಮ್ಮನ 18 ಲಕ್ಷದಲ್ಲಿ ಅರ್ಧ 9 ಲಕ್ಷ. 12 ಲಕ್ಷದೊಳಗೆ ಆದ್ದರಿಂದ ರಿಬೇಟ್ (ತೆರಿಗೆ ಮನ್ನಾ) ಸಿಕ್ಕಿ ತೆರಿಗೆ ಸೊನ್ನೆ. ಹಿಡಿದ ಟಿಡಿಎಸ್ ವಾಪಸ್. ಅವನೇ ಇಷ್ಟೇ ಮೊತ್ತಕ್ಕೆ ನೌಕರನಾಗಿದ್ದರೆ 17.25 ಲಕ್ಷಕ್ಕೆ 1,50,800 ರೂಪಾಯಿ ಕಟ್ಟಬೇಕಿತ್ತು.

ಅವನೂ ಒಂದು ಫೈಲ್ ತಂದಿದ್ದ. 80,000 ರೂಪಾಯಿಯ ಲ್ಯಾಪ್‌ಟಾಪ್ ಬಿಲ್ಲು, ಇಂಟರ್‌ನೆಟ್ ಬಿಲ್ಲು, ಕರೆಂಟ್ ಹೋದಾಗ ಬೇಕು ಅಂತ ಹಾಕಿಸಿದ ಯುಪಿಎಸ್ ಬ್ಯಾಟರಿ. ಎಲ್ಲವನ್ನೂ ನೀಟಾಗಿ ಪಂಚ್ ಮಾಡಿ ಇಟ್ಟಿದ್ದ. ಅದೂ ಬೇಕಾಗಲಿಲ್ಲ. ಅರ್ಧ ಕಳೆದ ಮೇಲೆ ಮತ್ತೆ ಲ್ಯಾಪ್‌ಟಾಪ್ ಕಳೆಯುತ್ತೇನೆ ಅನ್ನುವಂತಿಲ್ಲ. ಆ ಅರ್ಧದಲ್ಲೇ ಎಲ್ಲ ಬಂತು. ಅವನು ಮರೆಯಬಾರದ್ದು ಒಂದೇ: ಬೇರೆ ಆದಾಯ ಸೇರಿ ತೆರಿಗೆ ಬರುವಂತಿದ್ದರೆ ಮಾರ್ಚ್ 15ರೊಳಗೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು.

ವ್ಯಾಪಾರ ಮಾಡುವವರಿಗೆ, ಸಣ್ಣ ಕಂಟ್ರಾಕ್ಟರ್‌ಗಳಿಗೆ ಇದೇ ರೀತಿಯ 44ಎಡಿ ಇದೆ. ವಹಿವಾಟು 2 ಕೋಟಿಯೊಳಗಿದ್ದರೆ ಅದರ ಶೇ 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6 ಆದಾಯ ಅಂತ ತೋರಿಸಿದರೆ ಸಾಕು. ಹೆದ್ದಾರಿ ಪಕ್ಕದ ಚಿತ್ರದುರ್ಗದಲ್ಲಿ ಲಾರಿ ಮಾಲೀಕರು ಜಾಸ್ತಿ. ಹತ್ತು ಲಾರಿಯವರೆಗೆ ಇದ್ದರೆ ಅವರಿಗೆ 44ಎಇ. 12 ಟನ್ ಮೀರಿದ ಲಾರಿಗೆ ಒಟ್ಟು ತೂಕದ ಟನ್ನಿಗೆ ತಿಂಗಳಿಗೆ 1,000 ರೂಪಾಯಿ. 16 ಟನ್ನಿನ ಲಾರಿ ಆದರೆ ವರ್ಷಕ್ಕೆ 1.92 ಲಕ್ಷ ಆದಾಯ. ಡೀಸೆಲ್, ಟೈರ್, ಡ್ರೈವರ್ ಬಾಟಾ ಎಲ್ಲ ಅದರಲ್ಲೇ ಮುಗಿಯಿತು.

ಬಿಲ್ಲು ನಿಜವಾಗಿ ಯಾರಿಗೆ ಬೇಕು?

ಅಣ್ಣನಿಗೆ ರಿಟರ್ನ್ಸ್‌ನಲ್ಲಿ ಬಿಲ್ಲು ಬೇಡ, ತಮ್ಮನಿಗೂ ಬೇಡ. ಹಾಗಾದರೆ ಯಾರಿಗೆ? ಹರಿಹರದ ಒಬ್ಬ ಅಕ್ಕ ಇದ್ದಾರೆ, ವಿಮೆ ಏಜೆಂಟ್. ಅವರಂಥವರಿಗೆ ಬೇಕು.

ಕಮಿಷನ್ ಆದಾಯಕ್ಕೆ 44ಎಡಿ ಸಿಗುವುದಿಲ್ಲ, ಕಾನೂನಿನಲ್ಲೇ ಹೊರಗಿಟ್ಟಿದ್ದಾರೆ. ವಿಮೆ ಏಜೆಂಟ್ 44ಎಡಿಎ ಪಟ್ಟಿಯಲ್ಲೂ ಇಲ್ಲ. ನೌಕರಿ ಅಲ್ಲವಾದ್ದರಿಂದ 75,000ದ ಗಂಟೂ ಇಲ್ಲ. ಅವರಿಗೆ ಉಳಿದಿರುವುದು ನಿಜವಾದ ಖರ್ಚು, ಅದಕ್ಕೆ ನಿಜವಾದ ದಾಖಲೆ. ಬೇರೆ ಏಜೆಂಟರು ಇದನ್ನು ತಿಳಿಯದೆ ಪೂರ್ತಿ ಕಮಿಷನ್ ಮೇಲೆ ತೆರಿಗೆ ಕಟ್ಟಿದ್ದನ್ನು ನೋಡಿ ನನಗೆ ಹೊಟ್ಟೆ ಕಿವುಚಿದ ಹಾಗಾಗಿದೆ.

ಈ ಅಕ್ಕನ ಕಮಿಷನ್ 15 ಲಕ್ಷ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ರೂಮಿನ ಬಾಡಿಗೆ ವರ್ಷಕ್ಕೆ 96,000. ಫೈಲ್ ನೋಡಿಕೊಳ್ಳುವ ಹುಡುಗಿಗೆ 1,44,000. ಸ್ಕೂಟರ್ ಪೆಟ್ರೋಲ್ 48,000. ಫೋನು, ಇಂಟರ್‌ನೆಟ್ 18,000. ಹೊಸ ವರ್ಷಕ್ಕೆ ಹಂಚುವ ಡೈರಿ, ಕ್ಯಾಲೆಂಡರ್ 24,000. 50,000 ರೂಪಾಯಿಯ ಲ್ಯಾಪ್‌ಟಾಪ್ ಒಂದೇ ಸಲ ಕಳೆಯುವಂತಿಲ್ಲ, ಅದು ವರ್ಷಗಟ್ಟಲೆ ಬಾಳುವ ವಸ್ತು. ಕಂಪ್ಯೂಟರಿಗೆ ಸವಕಳಿ ಶೇ 40, ಅಂದರೆ ಈ ವರ್ಷ 20,000. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲೂ ಅರ್ಧ. ಎಲ್ಲ ಸೇರಿ 3,50,000. ಉಳಿದದ್ದು 11.5 ಲಕ್ಷ. ತೆರಿಗೆ ಸೊನ್ನೆ.

ಖರ್ಚು ತೋರಿಸದೇ ಇದ್ದಿದ್ದರೆ 15 ಲಕ್ಷಕ್ಕೆ 1,09,200 ರೂಪಾಯಿ. ಅವರ ಫೈಲಿನ ಬೆಲೆ ಅಷ್ಟು.

ಅವರ ಪಟ್ಟಿಯಲ್ಲಿ ಎರಡನ್ನು ನಾನು ಹೊಡೆದುಹಾಕಿದೆ. ಕೆಲವು ಗ್ರಾಹಕರ ಮೊದಲ ಕಂತನ್ನು ಅವರೇ ಕೈಯಿಂದ ಕಟ್ಟಿದ್ದರು. ನಮ್ಮ ಕಡೆ ಇದು ಮಾಮೂಲು ಅನ್ನುವ ಹಾಗಾಗಿದೆ. ಆದರೆ 1938ರ ವಿಮಾ ಕಾಯ್ದೆಯ ಸೆಕ್ಷನ್ 41 ಪ್ರಕಾರ ಗ್ರಾಹಕರಿಗೆ ಹಾಗೆ ರಿಯಾಯಿತಿ ಕೊಡುವುದೇ ತಪ್ಪು. ತಪ್ಪಿನ ಖರ್ಚನ್ನು ಕಳೆಯಲು ಬರುವುದಿಲ್ಲ. ಇನ್ನೊಂದು, ಒಂದು ಮೀಟಿಂಗಿನ ಊಟದ ಖರ್ಚು 14,000 ರೂಪಾಯಿ, ನಗದು. ಒಬ್ಬರಿಗೆ ಒಂದೇ ದಿನ 10,000 ಮೀರಿ ನಗದು ಕೊಟ್ಟರೆ ಪೂರ್ತಿ ಖರ್ಚು ಬಿದ್ದುಹೋಗುತ್ತದೆ, 10,000ದ ಮೇಲಿನ 4,000 ಮಾತ್ರ ಅಲ್ಲ. ಯುಪಿಐ ಮಾಡಿದ್ದರೆ ಉಳಿಯುತ್ತಿತ್ತು.

ಸ್ಕೂಟರ್ ವಿಷಯದಲ್ಲೂ ಅವರು ಪ್ರಾಮಾಣಿಕರು. ಮನೆಯ ಓಡಾಟದ ಪಾಲನ್ನು ಮೊದಲೇ ಬಿಟ್ಟು ಕೆಲಸದ ಪಾಲನ್ನಷ್ಟೇ ಬರೆದಿದ್ದರು. ಕಾನೂನು ಕೇಳುವುದೂ ಅದನ್ನೇ. ಅಕ್ಷರ ಮಾಸುವ ಮೊದಲೇ ಚೀಟಿಯ ಫೋಟೋ ತೆಗೆದು ಫೋನಿನಲ್ಲಿ ತಿಂಗಳವಾರು ಇಟ್ಟಿದ್ದರು.

ಹೆಸರು ಬದಲಿಸಿದರೆ ಸಾಕಾ?

ಇಷ್ಟು ಕೇಳಿ ಅಣ್ಣ ಅಂದರು: "ಹಂಗಾದ್ರೆ ನಾನೂ ಕನ್ಸಲ್ಟೆಂಟ್ ಆಗಿಬಿಡ್ತೀನಿ ಬಿಡಿ."

ಬೇಡ ಅಂದೆ. ಮೊದಲನೆಯದಾಗಿ ಔಷಧಿ ಮಾರಾಟದ ಕೆಲಸ 44ಎಡಿಎ ಪಟ್ಟಿಯಲ್ಲಿ ಇಲ್ಲ. ಪಿಎಫ್, ಗ್ರಾಚುಟಿ, ರಜೆ ಎಲ್ಲ ಹೋಗುತ್ತದೆ. ಸೇವೆಯ ಗಳಿಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಗದದ ಮೇಲೆ ಏನು ಬರೆದರೂ ಕೋರ್ಟ್ ನೋಡುವುದು ಕೆಲಸ ನಡೆಯುವ ರೀತಿಯನ್ನು.

ಒಂದು ಟೈಲರಿಂಗ್ ಅಂಗಡಿಯ ಕೇಸ್ 1973ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಅದು ತೆರಿಗೆಯ ಕೇಸ್ ಅಲ್ಲ, ಕಾರ್ಮಿಕ ಕಾನೂನಿನದ್ದು. ದರ್ಜಿಗಳಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ಕೆಲವರು ಬಟ್ಟೆ ಮನೆಗೂ ಒಯ್ಯುತ್ತಿದ್ದರು. ಇವರು ಸ್ವತಂತ್ರರು, ನಮ್ಮ ನೌಕರರಲ್ಲ ಅಂದ ಮಾಲೀಕ. ಹೊಲಿಗೆ ಯಂತ್ರ ಅಂಗಡಿಯದ್ದು, ಸರಿ ಹೊಲಿಯದಿದ್ದರೆ ತಿರಸ್ಕರಿಸುವ ಅಧಿಕಾರ ಅಂಗಡಿಯದ್ದು, ಆದ್ದರಿಂದ ಇವರು ನೌಕರರೇ ಅಂತ ಕೋರ್ಟ್ ಹೇಳಿತು. ಮೊಳಕಾಲ್ಮೂರಿನಲ್ಲಿ ಮಾಲೀಕರ ರೇಷ್ಮೆ ತಂದು ಸೀರೆಗಿಷ್ಟು ಅಂತ ಮಗ್ಗ ಹೂಡುವ ನೇಕಾರರನ್ನು ನೋಡಿದಾಗೆಲ್ಲ ನನಗೆ ಈ ಕೇಸ್ ನೆನಪಾಗುತ್ತದೆ.

ಇನ್ನೊಂದು ಬದಿಯ ಉದಾಹರಣೆಯೂ ಇದೆ. 2015ರಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಒಂದು ದೊಡ್ಡ ಆಸ್ಪತ್ರೆಯ ಕನ್ಸಲ್ಟೆಂಟ್ ವೈದ್ಯರ ವಿಷಯ ಬಂತು. ಅವರು ನೌಕರರು, ಸಂಬಳದ ಟಿಡಿಎಸ್ ಹಿಡಿಯಬೇಕಿತ್ತು ಅಂತ ಇಲಾಖೆಯ ವಾದ. ಕೋರ್ಟ್ ಒಪ್ಪಲಿಲ್ಲ, ಅದು ವೃತ್ತಿ ಆದಾಯವೇ ಅಂದಿತು. ದಾವಣಗೆರೆಯಂಥ ಆಸ್ಪತ್ರೆಗಳ ಊರಿನಲ್ಲಿ ಈ ತೀರ್ಪು ತುಂಬಾ ಜನರಿಗೆ ಸಂಬಂಧಪಟ್ಟದ್ದು.

ಈಗೀಗ ನನಗೆ ಚಿಂತೆ ಹುಟ್ಟಿಸುವುದು ಬೇರೆ. ಕೆಲಸಕ್ಕೆ ಸೇರುವ ಹುಡುಗರಿಗೆ ತಾವು ನೌಕರರೋ ಕನ್ಸಲ್ಟೆಂಟೋ ಅಂತಲೇ ಗೊತ್ತಿರುವುದಿಲ್ಲ. ಪಿಎಫ್ ಇಲ್ಲ, ರಜೆ ಇಲ್ಲ, ಜೊತೆಗೆ ಖರ್ಚು ಕಳೆಯಬಹುದು ಅನ್ನುವುದೂ ತಿಳಿಯದೆ ಎರಡೂ ಕಡೆ ಕಳೆದುಕೊಳ್ಳುತ್ತಾರೆ. ದಯವಿಟ್ಟು ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ ನಿಮ್ಮ ಫಾರಂ 26ಎಎಸ್ (ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ) ತೆಗೆದು ನೋಡಿ. ಟಿಡಿಎಸ್ ಎದುರಿಗೆ 192 ಅಂತಿದ್ದರೆ ಕಂಪನಿ ನಿಮ್ಮನ್ನು ನೌಕರ ಅಂತ ತೋರಿಸಿದೆ. 194ಜೆ ಅಥವಾ 194ಸಿ ಅಂತಿದ್ದರೆ ವೃತ್ತಿಯವರು ಅಥವಾ ಗುತ್ತಿಗೆಯವರು ಅಂತ. ಎರಡು ನಿಮಿಷದ ಕೆಲಸ.

ನೌಕರರಾಗಿದ್ದೂ ವೃತ್ತಿ ಆದಾಯ ಅಂತ ತೋರಿಸಿ ರಿಫಂಡ್ ಕೊಡಿಸುತ್ತೇವೆ ಅನ್ನುವವರು ಸಿಕ್ಕರೆ ದೂರ ಇರಿ. ತಪ್ಪು ಮಾಹಿತಿ ಕೊಟ್ಟು ಆದಾಯ ಕಡಿಮೆ ತೋರಿಸಿದರೆ ಸೆಕ್ಷನ್ 270ಎ ಪ್ರಕಾರ ತೆರಿಗೆಯ ಎರಡರಷ್ಟು ದಂಡ. ಕಮಿಷನ್ ತಗೊಂಡವರು ದಂಡ ಕಟ್ಟಲು ಬರುವುದಿಲ್ಲ.

ಅಣ್ಣ ಆ ದಿನವೇ ನನ್ನ ಎದುರು ಕೂತು ಎಚ್‌ಆರ್‌ಗೆ ಮೇಲ್ ಬರೆದರು. ಏಪ್ರಿಲ್‌ನಿಂದ ಸ್ಪೆಷಲ್ ಅಲೋಯನ್ಸ್‌ನಲ್ಲಿ 9,000 ರೂಪಾಯಿಯನ್ನು ಕೆಲಸದ ಓಡಾಟದ ಕನ್ವೇಯನ್ಸ್ ಅಲೋಯನ್ಸ್ ಅಂತ ಬದಲಿಸಿ ಕೊಡಿ, ಪ್ರತಿ ತಿಂಗಳು ಓಡಾಟದ ದಾಖಲೆ ಕಳಿಸುತ್ತೇನೆ ಅಂತ. ಉತ್ತರ ಬರಲು ಎರಡು ವಾರ ಆಯಿತು. ಒಪ್ಪಿದ್ದಾರೆ. ಈಗ ಅವರ ಕಾರಿನಲ್ಲಿ ಒಂದು ಉದ್ದ ನೋಟ್‌ಬುಕ್ ಇದೆ. ತಾರೀಖು, ಎಲ್ಲಿಂದ, ಎಲ್ಲಿಗೆ, ಯಾವ ಡಾಕ್ಟರ ಭೇಟಿ, ಹೊರಟಾಗ ಮೀಟರ್ ಎಷ್ಟು, ಬಂದಾಗ ಎಷ್ಟು ಅಂತ ಸ್ಕೇಲ್ ಇಟ್ಟು ಗೆರೆ ಎಳೆದುಕೊಂಡಿದ್ದಾರೆ.